ಏರಿನಲ್ಲಿ ಕಣ್ಣು ಮುಚ್ಚಿದ ಕಾರು

ಮಗಳು: ಬೆಟ್ಟ ಇದೆ ಅಂತ ನಿಮಗೆ ಗೊತ್ತಿರಲಿಲ್ವಾ ಅಂತ ಕೇಳ್ತಿದೀನಿ, ಅಷ್ಟೆ.

ಅಳಿಯ: ನನಗೆ ಗೊತ್ತಿತ್ತು ಕಣೇ. ಕಾರಿಗೆ ಗೊತ್ತಿರಲಿಲ್ಲ. ಹೊರಟಾಗ ಇನ್ನೂ ಎಂಬತ್ತು ಕಿಲೋಮೀಟರ್ ಓಡ್ತೀನಿ ಅಂತ ತೋರಿಸ್ತು. ಅದು ಸಮತಟ್ಟು ರಸ್ತೆ ಲೆಕ್ಕ.

ಮಗಳು: ನಮ್ಮಣ್ಣ ಬೆಟ್ಟದ ಮೇಲೆ ಮನೆ ಕಟ್ಟಿಸಿ ಎಷ್ಟೋ ವರ್ಷ ಆಯ್ತು. ಬೆಟ್ಟ ಅದಕ್ಕಿಂತ ಸ್ವಲ್ಪ ಹಳೇದು.

ತಾಯಿ: (ಹಿಂದಿನ ಸೀಟಿನಿಂದ) ಈಗ ಎಷ್ಟಿದೆ?

ಅಳಿಯ: ಸೊನ್ನೆ, ಅತ್ತೆ.

ತಾಯಿ: ನಾಲ್ಕು ಪರ್ಸೆಂಟ್ ಇದ್ದಾಗಲೇ ಹೇಳಿದೆ. ನಾಲ್ಕಕ್ಕೆ ಇಳೀತು ಅಂದ್ರೆ ಅದು ನೆಂಟರಿಗೆಲ್ಲ ಫೋನ್ ಮಾಡೋ ಹೊತ್ತು.

ಕಾರು ನಿಂತದ್ದು ಏರುದಾರಿಯ ಒಂದು ತಿರುವಿನಲ್ಲಿ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಆಳವಾದ ಚರಂಡಿ. ನಡುವೆ ಉಳಿದ ಕಿರಿದಾದ ರಸ್ತೆಯನ್ನು ಕಾರು ಪೂರ್ತಿಯಾಗಿ ತನ್ನದೇ ಮಾಡಿಕೊಂಡಿತ್ತು. ಹಿಂದಿನ ಸೀಟಿನಲ್ಲಿದ್ದ ತಾಯಿ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ನಿವೃತ್ತಿಯಾದಂದಿನಿಂದ ಮಗಳ ಮನೆಯಲ್ಲಿದ್ದರು. ಇನ್ನು ಮುಂದೆ ಮಗನ ಮನೆಯಲ್ಲಿರಲಿ ಎಂದು ಮಗಳು ತೀರ್ಮಾನಿಸಿದ್ದಳು. ಅದಕ್ಕಾಗಿಯೇ ಈ ಪ್ರಯಾಣ. ತಾಯಿಯ ಎರಡು ಪೆಟ್ಟಿಗೆ, ಸುತ್ತಿ ಕಟ್ಟಿದ ಹಾಸಿಗೆ ಮತ್ತು ತೂಕದ ಯಂತ್ರ ಡಿಕ್ಕಿಯಲ್ಲಿದ್ದವು.

ಮಗಳು: ರಾತ್ರಿ ಚಾರ್ಜಿಗೆ ಹಾಕಿದ್ರಲ್ಲ?

ಅಳಿಯ: ಹಾಕಿದ್ದೆ. ಅರವತ್ತು ಆದ ತಕ್ಷಣ ತೆಗೆದುಬಿಟ್ಟೆ. ಪೂರ್ತಿ ತುಂಬಿಸಿದ್ರೆ ಬ್ಯಾಟರಿ ಆಯಸ್ಸು ಕಮ್ಮಿ ಆಗುತ್ತೆ.

ಮಗಳು: ಅರವತ್ತಕ್ಕೆ ತೆಗೀಬೇಕು ಅಂತ ಯಾರು ಹೇಳಿದ್ದು?

ಅಳಿಯ: ವಿಡಿಯೋದಲ್ಲಿ ಒಬ್ಬ. ಅವನು ಎಂಬತ್ತಕ್ಕೆ ನಿಲ್ಲಿಸಿ ಅಂದಿದ್ದ. ಇನ್ನೂ ಜಾಸ್ತಿ ಆಯಸ್ಸು ಬರಲಿ ಅಂತ ಅರವತ್ತು ಮಾಡಿದ್ದು ನಾನೇ.

ತಾಯಿ: ದೀರ್ಘಾಯಸ್ಸು ಬರಲಿ ಅಂತ ಉಪವಾಸ ಕೆಡವಿದ್ರಿ. ಇಂಥ ಡಾಕ್ಟ್ರುಗಳನ್ನ ತುಂಬಾ ನೋಡಿದೀನಿ ಅಳಿಯಂದ್ರೇ. ಪೇಷೆಂಟ್ ಹೋದ ಮೇಲೂ ರಿಪೋರ್ಟ್ ಚೆನ್ನಾಗಿದೆ ಅಂತಿದ್ರು.

ಅಳಿಯ ಎಚ್ಚರಿಕೆಯ ದೀಪ ಹಾಕಿ, ಕೆಳಗಿಳಿದು, ಎರಡು ಕಲ್ಲು ಹುಡುಕಿ ತಂದು ಹಿಂದಿನ ಚಕ್ರಗಳಿಗೆ ಕೊಟ್ಟ. ಆಮೇಲೆ ಕಿಟಕಿಯ ಪಕ್ಕ ನಿಂತು ಸಹಾಯವಾಣಿಗೆ ಫೋನ್ ಮಾಡಿದ.

ಅಳಿಯ: ಹಲೋ... ಹೌದು ಮೇಡಂ, ನಿಂತುಹೋಗಿದೆ... ಇಲ್ಲ, ಡಿಕ್ಕಿ ಹೊಡೆದಿಲ್ಲ... ಇಲ್ಲ, ಹೊಗೆ ಬರ್ತಾ ಇಲ್ಲ.

ತಾಯಿ: ಹೊಗೆ ಮುಂದಿನ ಸೀಟಿಂದ ಬರ್ತಿದೆ ಅನ್ನಿ.

ಮುಂದಿನ ಸೀಟಿನಲ್ಲಿದ್ದ ಮಗಳು ಮುಖ ತಿರುಗಿಸಿದಳು.

ಅಳಿಯ: ಹಗ್ಗ ಕಟ್ಟಿ ಎಳೆಸಬಹುದಾ ಮೇಡಂ?... ಓ, ಕೂಡದಾ?... ಚಕ್ರ ಉರುಳಿದ್ರೆ ಮೋಟಾರು ಕೆಡುತ್ತಾ?... ಲಾರಿ ಮೇಲೆ ಹತ್ತಿಸಿಕೊಂಡೇ ಹೋಗಬೇಕಾ?

ತಾಯಿ: ಸ್ಟ್ರೆಚರ್ ಕೇಸು. ನಡೆಸೋ ಹಾಗಿಲ್ಲ.

ಅಳಿಯ: ಎಷ್ಟು ಹೊತ್ತಾಗುತ್ತೆ?... ಎರಡು ಗಂಟೆ!... ಸರಿ ಮೇಡಂ. ಬಿಟ್ಟು ಎಲ್ಲಿಗೂ ಹೋಗಲ್ಲ.

ಅವನು ಫೋನ್ ಇಟ್ಟು, ಏನೋ ಸಾಧಿಸಿದವನಂತೆ ಹೆಂಡತಿಯ ಕಡೆ ನೋಡಿದ. ಅವಳು ಅವನ ಕಡೆ ನೋಡಲಿಲ್ಲ.

ತಾಯಿ: ಅಲ್ಲ ಅಳಿಯಂದ್ರೇ, ಇಳಿಜಾರಲ್ಲಿ ಹೋಗ್ತಾ ಇದ್ರೆ ಈ ಕಾರು ತಾನೇ ಚಾರ್ಜ್ ಆಗುತ್ತೆ ಅಂತ ನೀವೇ ಹೇಳ್ತಿದ್ರಿ.

ಅಳಿಯ: ಆಗುತ್ತೆ ಅತ್ತೆ. ಆದ್ರೆ ಬ್ಯಾಟರೀಲಿ ಸ್ವಲ್ಪವಾದ್ರೂ ಜೀವ ಇರಬೇಕು. ಅದೂ ಅಲ್ಲದೆ ಇಳಿಜಾರು ಇರೋದು ನಮ್ಮ ಮನೆ ಕಡೆಗೆ. ಚಾರ್ಜ್ ಆಗೋ ಹೊತ್ತಿಗೆ ನಾವು ಮನೆ ಸೇರಿರ್ತೀವಿ.

ತಾಯಿ: ನನಗೇನೂ ಅಭ್ಯಂತರ ಇಲ್ಲ.

ಮಗಳು: ನನಗಿದೆ!

ತಾಯಿ ಮುಂದಿನ ಸೀಟಿನ ಕಡೆ ಬಾಗಿದರು.

ತಾಯಿ: ನಾನು ಏನು ಮಾಡಿದೆ ಅಂತ ನನ್ನನ್ನ ಬೆಟ್ಟಕ್ಕೆ ಅಟ್ತಿದೀಯ?

ಮಗಳು: ಅಟ್ತಿಲ್ಲಮ್ಮ. ಅಣ್ಣನಿಗೂ ಅಮ್ಮ ಬೇಡ್ವಾ? ಎಲ್ಲಾ ಪುಣ್ಯ ನಾವೇ ಕಟ್ಟಿಕೊಂಡ್ರೆ ಚೆನ್ನಾಗಿರುತ್ತಾ?

ತಾಯಿ: ನಿಜ ಹೇಳು.

ಮಗಳು: ನಿಜ ಹೇಳ್ಲಾ? ಬೆಳಿಗ್ಗೆ ಐದಕ್ಕೆ ದೀಪ ಹಾಕಿ ಎಲ್ಲರ ನಾಡಿ ಹಿಡಿದು ನೋಡ್ತೀಯ. ರಾತ್ರಿ ಒಂಬತ್ತಕ್ಕೆ ಟಿವಿ ಆರಿಸಿ, ದೀಪ ಆರಿಸ್ತೀಯ. ಮನೆಗೆ ಯಾರಾದ್ರೂ ಬಂದ್ರೆ ಕೂತ್ಕೊಳ್ಳಿ ಅನ್ನೋ ಮುಂಚೆ ತೂಕದ ಯಂತ್ರದ ಮೇಲೆ ನಿಲ್ಲಿಸ್ತೀಯ! ಯಾರಮ್ಮಾ ಹಂಗೆ ಮಾಡ್ತಾರೆ?

ಅಳಿಯ: ನನ್ನ ಸ್ನೇಹಿತರು ಬರೋದೇ ಬಿಟ್ರು ಅತ್ತೆ.

ತಾಯಿ: ಅದರಲ್ಲಿ ಒಬ್ಬನಿಗೆ ಬಿಪಿ ಇದೆ ಅಂತ ಗೊತ್ತಾದದ್ದು ನನ್ನಿಂದ.

ಅಳಿಯ: ಬಿಪಿ ಬಂದದ್ದೂ ನಿಮ್ಮಿಂದಲೇ ಅಂತಾನೆ.

ಮಗಳು: ಮಾತು ಸಾಕು. ಅಣ್ಣನಿಗೆ ಫೋನ್ ಮಾಡ್ತೀನಿ. ಅವನ ಹತ್ರ ಡೀಸೆಲ್ ಕಾರಿದೆ. ಅವನೇ ಬಂದು ಅಮ್ಮನ್ನ ಕರ್ಕೊಂಡು ಹೋಗಲಿ. ಈ ಕಾರಿನ ಹೆಣ ಆಮೇಲೆ ಕಾಯೋಣ.

ಅವಳು ಫೋನಿನ ಸ್ಪೀಕರ್ ಹಾಕಿದಳು. ಬಹಳ ಹೊತ್ತು ಗಂಟೆ ಬಾರಿಸಿದ ಮೇಲೆ ಅಣ್ಣ ಎತ್ತಿಕೊಂಡ.

ಮಗ: ಹೇಳಮ್ಮ ತಂಗೀ. ಹೊರಟ್ರಾ?

ಮಗಳು: ಅಣ್ಣಾ, ನಮ್ಮ ಕಾರು ದಾರೀಲಿ ನಿಂತುಹೋಗಿದೆ. ಚಾರ್ಜ್ ಮುಗೀತು.

ಮಗ: ಒಳ್ಳೇದಾಯ್ತು ಬಿಡು! ಅಂದ್ರೆ... ಛೆ ಛೆ, ಎಂಥಾ ಕೆಲಸ ಆಯ್ತು! ಆತುರ ಏನಿಲ್ಲ. ನಾಳೆ ಬನ್ನಿ. ನಾಡಿದ್ದು ಬಂದ್ರೂ ಸರಿ.

ಮಗಳು: ನಾಳೆ ಯಾಕೆ? ನೀನೇ ಈಗ ಕಾರು ತಗೊಂಡು ಬಾ.

ಮಗ: ಕಾರು ಗ್ಯಾರೇಜಲ್ಲಿದೆ ಕಣಮ್ಮ. ಗೇರ್‌ಬಾಕ್ಸ್ ಬಿಚ್ಚಿ ನೆಲದ ಮೇಲೆ ಹರಡಿದಾರೆ. ನೋಡಿದ್ರೆ ಕರುಳು ಕಿತ್ತು ಬರುತ್ತೆ. ಸರಿ, ಇಡ್ತೀನಿ. ಅಮ್ಮನ್ನ ಜೋಪಾನವಾಗಿ ನೋಡ್ಕೊಳ್ಳಿ!

ಫೋನ್ ಕಟ್ಟಾಯಿತು.

ತಾಯಿ: ಏದುಸಿರು ಬಿಡ್ತಿದ್ದ.

ಮಗಳು: ಬೇಜಾರಾಗಿರುತ್ತೆ ಪಾಪ.

ತಾಯಿ: ಬೇಜಾರಿನ ಉಸಿರು ಬೇರೆ. ಅದು ಭಾರ ಎತ್ತೋ ಉಸಿರು. ಇನ್ನೊಂದು ನೋಡಿದ್ಯಾ, ಎಲ್ಲಿ ನಿಂತಿದೀರಾ ಅಂತ ಕೇಳಲೇ ಇಲ್ಲ.

ಅಳಿಯ: ಗೇರ್‌ಬಾಕ್ಸ್ ದುಃಖದಲ್ಲಿ ಮರೆತಿರ್ತಾನೆ ಅತ್ತೆ.

ಮಗಳು ಕಾಲು ಗಂಟೆ ಅಣ್ಣನ ಪರವಾಗಿ ವಾದಿಸಿದಳು, ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಮೇಲಿನ ತಿರುವಿನಿಂದ ಹಾರನ್ ಕೇಳಿಸಿತು. ಒಂದು ಕಾರು ಜೋರಾಗಿ ಇಳಿದು ಬಂದು, ದಾರಿಗಡ್ಡವಾಗಿದ್ದ ಇವರ ಕಾರನ್ನು ಕಂಡು ಕಿರ್ರೆಂದು ಬ್ರೇಕ್ ಹಾಕಿ ನಿಂತಿತು. ಎರಡು ಕಾರುಗಳೂ ಮೂಗಿಗೆ ಮೂಗು ತಾಗಿಸಿದಂತೆ ಕಾಣುತ್ತಿದ್ದವು. ಬಂದ ಕಾರಿನ ತಲೆಯ ಮೇಲೆ ಸೂಟ್‌ಕೇಸುಗಳನ್ನು ಕಟ್ಟಲಾಗಿತ್ತು. ಸ್ಟೀರಿಂಗ್ ಹಿಡಿದಿದ್ದವನು ಅಣ್ಣ. ಪಕ್ಕದಲ್ಲಿದ್ದ ಅತ್ತಿಗೆ ಇವರನ್ನು ನೋಡಿದ ಕೂಡಲೇ ಕಣ್ಣು ಮುಚ್ಚಿ ಕತ್ತು ವಾಲಿಸಿದಳು.

ತಾಯಿ ನಿಧಾನವಾಗಿ ಕೆಳಗಿಳಿದು ಮಗನ ಕಿಟಕಿಯ ಬಳಿ ಹೋದರು.

ತಾಯಿ: ಗೇರ್‌ಬಾಕ್ಸ್ ಇಷ್ಟು ಬೇಗ ಜೋಡಿಸಿಬಿಟ್ರಾ?

ಮಗ: ಅಮ್ಮಾ! ನಿನ್ನನ್ನ ಕರ್ಕೊಂಡು ಹೋಗೋಕೇ ಬರ್ತಿದ್ದೆ!

ತಾಯಿ: ತಲೆ ಮೇಲೆ ಸೂಟ್‌ಕೇಸ್ ಕಟ್ಟಿಕೊಂಡಾ?

ಮಗ: ಅದು... ಖಾಲಿ ಸೂಟ್‌ಕೇಸು. ನಿನ್ನ ಬಟ್ಟೆ ತುಂಬಿಸೋಕೆ.

ತಾಯಿ: ಸೊಸೆಗೇನಾಯ್ತು?

ಮಗ: ನಿದ್ದೆ ಬಂದಿದೆ.

ತಾಯಿ: ನಿದ್ದೆ ಬಂದೋರು ಅಷ್ಟು ಬಿಗಿಯಾಗಿ ಕಣ್ಣು ಮುಚ್ಚಲ್ಲ. ರೆಪ್ಪೆ ನೋವು ಬರುತ್ತೆ, ಬಿಟ್ಟುಬಿಡಮ್ಮ.

ಅತ್ತಿಗೆ ಕಣ್ಣು ಬಿಟ್ಟು ನಮಸ್ಕಾರ ಮಾಡಿದಳು.

ತಾಯಿ: ಎಲ್ಲಿಗೆ ಹೊರಟ್ರಿ?

ಮಗ: ಸಮುದ್ರ ನೋಡೋಕೆ. ಒಂದು ತಿಂಗಳು.

ತಾಯಿ: ಸಮುದ್ರ ನೋಡೋಕೆ ಒಂದು ತಿಂಗಳು ಬೇಕಾ? ಅಲೆ ಎಣಿಸ್ತೀರಾ?

ಮಗ: ನೀನು ಎಷ್ಟು ದಿನ ಇರ್ತೀಯ ಅಂತ ಗೊತ್ತಿರಲಿಲ್ಲಮ್ಮ.

ಮಗಳು ಓಡಿ ಬಂದಳು.

ಮಗಳು: ನಾಚಿಕೆ ಆಗಲ್ವಾ ಅಣ್ಣಾ ನಿನಗೆ? ಹೆತ್ತ ಅಮ್ಮನ್ನ ಬಿಟ್ಟು ಓಡಿಹೋಗ್ತಿದೀಯ!

ಮಗ: ನೀನು ಹೆತ್ತ ಅಮ್ಮನ್ನ ಡಿಕ್ಕಿ ತುಂಬಾ ಸಾಮಾನಿನ ಜೊತೆ ತಂದು ಸುರಿಯೋಕೆ ಬಂದಿದೀಯಲ್ಲ!

ಮಗಳು: ಸುರಿಯೋಕಲ್ಲ, ಬಿಡೋಕೆ!

ಮಗ: ಮೊದಲು ನಿಮ್ಮ ಡಬ್ಬ ದಾರಿಯಿಂದ ಸರಿಸಿ!

ಅಳಿಯ: ಸರಿಸೋ ಹಾಗಿಲ್ಲ ಭಾವ. ಚಕ್ರ ಉರುಳಬಾರದು ಅಂತ ಆ ಮೇಡಂ ಹೇಳಿದಾರೆ.

ಮಗ: ಹಾಗಾದ್ರೆ ಎತ್ತಿ ಪಕ್ಕಕ್ಕಿಡಿ!

ಅಳಿಯ: ಹಿಡೀರಿ, ಒಂದು ಕಡೆ ನೀವು ಹಿಡೀರಿ!

ತಾಯಿ: ಸದ್ದು!

ವಾರ್ಡಿನ ಕೊನೆಯ ಮಂಚದವರೆಗೂ ಕೇಳಿಸುತ್ತಿದ್ದ ದನಿ ಅದು. ಮೂವರೂ ಬಾಯಿ ಮುಚ್ಚಿದರು. ಅತ್ತಿಗೆ ಅಭ್ಯಾಸಬಲದಿಂದ ಮತ್ತೆ ಕಣ್ಣು ಮುಚ್ಚಿದಳು.

ತಾಯಿ: ಕೀ ಕೊಡು.

ಮಗ: ಕಾರಿಂದಾ?

ತಾಯಿ: ಮನೇದು. ನೀವು ಸಮುದ್ರ ನೋಡಿ. ನಾನು ನಿನ್ನ ಮನೇಲಿ ಇರ್ತೀನಿ.

ಮಗ: ಒಬ್ಬಳೇನಾ?

ತಾಯಿ: ಒಬ್ಬಳೇ ಇರೋದಾದ್ರೆ ಮಾತ್ರ.

ಮಗಳಿಗೆ ಮೊದಲು ಸಮಾಧಾನವಾಯಿತು. ಆಮೇಲೆ, ಯಾಕೋ, ಅನುಮಾನ ಬಂತು.

ಮಗಳು: ಒಬ್ಬಳೇ ಕೂತು ಏನಮ್ಮಾ ಮಾಡ್ತೀಯ? ಐದಕ್ಕೆ ಎದ್ದು ಯಾರ ನಾಡಿ ನೋಡ್ತೀಯ?

ತಾಯಿ: ಐದಕ್ಕೆ ಯಾರು ಏಳ್ತಾರೆ? ಒಂಬತ್ತರ ತನಕ ಮಲಗ್ತೀನಿ.

ಮಗಳು: ಮತ್ತೆ ನಮ್ಮನೇಲಿ?

ತಾಯಿ: ನಿಮ್ಮನೇಲಿ ನನ್ನ ಮಂಚ ಎಲ್ಲಿತ್ತು?

ಮಗಳು: ಹಾಲ್‌ನಲ್ಲಿ.

ತಾಯಿ: ಟಿವಿ ಎಲ್ಲಿತ್ತು?

ಮಗಳು: ಅಲ್ಲೇ... ಮಂಚದ ಎದುರಿಗೆ.

ತಾಯಿ: ನಡುರಾತ್ರಿ ತನಕ ನಿಮ್ಮ ಸೀರಿಯಲ್ಲಿನ ಸೊಸೆ ಅಳ್ತಾ ಕೂತ್ರೆ ನಾನೆಲ್ಲಿ ಮಲಗಲಿ? ಬೆಳಿಗ್ಗೆ ಐದಕ್ಕೆ ಎಬ್ಬಿಸಿದ್ರೆ ರಾತ್ರಿ ಒಂಬತ್ತಕ್ಕೆ ನೀವೇ ತೂಕಡಿಸ್ತೀರಿ. ಅದಕ್ಕೇ ಎಬ್ಬಿಸ್ತಿದ್ದೆ. ನಾಡಿ ನೋಡ್ತಿದ್ದದ್ದು ನೆಪಕ್ಕೆ.

ಅಳಿಯ: ನನ್ನ ಸ್ನೇಹಿತರ ತೂಕ, ಅತ್ತೆ?

ತಾಯಿ: ಬಂದೋರೆಲ್ಲ ಕೂರ್ತಿದ್ದದ್ದು ನನ್ನ ಮಂಚದ ಮೇಲೆ. ತಡೆಯುತ್ತೋ ಇಲ್ವೋ ಅಂತ ನೋಡಬೇಡ್ವಾ?

ಅಳಿಯ ತಲೆ ತಗ್ಗಿಸಿದ. ಮಗಳು ತಾಯಿಯ ಕೈ ಹಿಡಿದುಕೊಂಡಳು.

ಮಗಳು: ಹೇಳಬಾರದಿತ್ತಾ ಅಮ್ಮಾ? ಟಿವಿ ಒಳಗಡೆ ಇಡ್ತಿದ್ವಿ. ವಾಪಸ್ ಬಾ. ನಮ್ಮ ರೂಮು ನಿನಗೇ ಬಿಟ್ಟುಕೊಡ್ತೀವಿ.

ತಾಯಿ: ಮೂರು ಬೆಡ್‌ರೂಮಿನ ಖಾಲಿ ಮನೆ ಸಿಕ್ಕಿರೋ ಹೊತ್ತಲ್ಲಿ ಇಂಥ ಮಾತು ಆಡಬಾರದು ಮಗಳೇ. ಮುಂದಿನ ತಿಂಗಳು ಆಡು, ಕೇಳ್ತೀನಿ.

ಅಣ್ಣ ಕೀ ಕೊಟ್ಟ. ಅವನೂ ಅಳಿಯನೂ ಸೇರಿ ಪೆಟ್ಟಿಗೆಗಳನ್ನೂ ಹಾಸಿಗೆಯನ್ನೂ ಈ ಕಾರಿನಿಂದ ಆ ಕಾರಿಗೆ ಸಾಗಿಸಿದರು. ಇಬ್ಬರೂ ಜಗಳವಿಲ್ಲದೆ ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ಕೆಳಗಿನ ದಾರಿ ಮುಚ್ಚಿದ್ದರಿಂದ ಅಣ್ಣ ತಾಯಿಯನ್ನು ಮೇಲೆ ಬಿಟ್ಟು ಬಂದು, ಲಾರಿ ಬರುವವರೆಗೆ ಇಲ್ಲೇ ಸಾಲಿನಲ್ಲಿ ನಿಲ್ಲಬೇಕಾಗಿತ್ತು. ಬಿಸಿಲು ಬಂಡೆಗೆ ಬಡಿದು ನೇರವಾಗಿ ಮುಖಕ್ಕೆ ಬರುತ್ತಿತ್ತು.

ಮಗಳು: ಅಮ್ಮಾ, ಎರಡು ಗಂಟೆ ಈ ಬಿಸಿಲಲ್ಲಿ ಹೇಗೆ ಕೂರೋದು? ಕಾರು ಇವರು ಕಾಯಲಿ. ನಾನು ನಿನ್ನ ಜೊತೆ ಅಣ್ಣನ ಮನೆಗೆ ಬರ್ತೀನಿ.

ತಾಯಿ ಅಣ್ಣನ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, ಬಾಗಿಲು ಎಳೆದುಕೊಂಡು, ಕಿಟಕಿಯ ಗಾಜು ಅರ್ಧ ಇಳಿಸಿದರು.

ತಾಯಿ: ಬಂದು ಏನು ಮಾಡ್ತೀಯ? ಅಣ್ಣ ಊರಲ್ಲಿಲ್ಲ.

ಊರಲ್ಲಿಲ್ಲದ ಅಣ್ಣ ಹೌದೆಂದು ತಲೆಯಾಡಿಸಿ, ಕಾರನ್ನು ಹಿಮ್ಮುಖವಾಗಿಯೇ ಏರು ಹತ್ತಿಸತೊಡಗಿದ.