ಟೆರೇಸಿನ ಒಂಟಿಗೈ ಬಾಣಂತಿ

ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗಿಂತ ಜಾಣೆ ಯಾರೆಂದು ಕೇಳಿದರೆ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ಮನಸ್ಸಿನಲ್ಲಿ ತಮ್ಮ ತಮ್ಮ ಹೆಸರನ್ನೇ ಹೇಳಿಕೊಳ್ಳುತ್ತಾರೆ. ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ: ಆ ಜಾಣೆ ಮೇಂಟೆನೆನ್ಸ್ ಕೊಡುವುದಿಲ್ಲ, ಸೊಸೈಟಿ ಮೀಟಿಂಗಿಗೆ ಬರುವುದಿಲ್ಲ, ಮತ್ತು ಅವಳಿಗೆ ಬಾಲವಿದೆ!

ಮಕ್ಕಳೇ, ನೀವು ಅವಳನ್ನು ನೋಡಿದ್ದೀರಿ. ಭಾಂಡುಪಿನ ನಮ್ಮ ಕಂಪೌಂಡಿನ ಆಚೆಗೆ ಕಾಡು. ಅಲ್ಲಿಂದ ಅತ್ತಿಮರದ ಕೊಂಬೆ ಹಿಡಿದು ನಮ್ಮ ಟೆರೇಸಿಗೆ ಬರುವ ಮಂಗಗಳ ಗುಂಪಿನಲ್ಲಿ, ಬಲಗೈ ಮೊಣಕೈಗೇ ಮುಗಿದುಹೋದವಳು. ಕರೆಂಟಿನ ತಂತಿ ಹಿಡಿದಳೆಂದು ಕೆಲವರು, ನಾಯಿ ಕಚ್ಚಿತೆಂದು ಕೆಲವರು. ಅವಳಂತೂ ಯಾರ ಮುಂದೆಯೂ ದುಃಖ ತೋಡಿಕೊಂಡಿಲ್ಲ. ಅವಳಿಗೆ ಪುರುಸೊತ್ತಾದರೂ ಎಲ್ಲಿ?

ಹೋದ ಬೇಸಿಗೆಯಲ್ಲಿ ನಾನೂ ಎದುರು ಮನೆಯ ಬೆಳಗಾವಿ ವೈನಿಯೂ ಟೆರೇಸಿನಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಸಂಡಿಗೆ ಹಾಕಿದ್ದೆವು. ಮಂಗಗಳು ಬಂದವು. ಎರಡು ಕೈಯವು ಗಬಗಬನೆ ಬಾಚಿ ಗಲ್ಲದೊಳಗೆ ತುಂಬಿಕೊಂಡು, ವೈನಿಯ ಕೋಲು ಕಂಡೊಡನೆ ಓಡಿದವು. ಈಕೆ ಒಂದೇ ಕೈಯಲ್ಲಿ ಎಷ್ಟು ಬಾಚಿಯಾಳು? ಬೆಡ್‌ಶೀಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ, ಹಿಂದೆ ಹಿಂದೆ ಸರಿಯುತ್ತ, ಸಂಡಿಗೆಯ ಸಮೇತ ಇಡೀ ಹಾಸಿಗೆಯನ್ನು ನೀರಿನ ಟಾಕಿಯ ಹಿಂದಕ್ಕೆ ಎಳೆದೊಯ್ದಳು. ಅಲ್ಲಿ ಮದುವೆಯ ಪಂಕ್ತಿಯಲ್ಲಿ ಕುಳಿತವಳಂತೆ ಸಾವಕಾಶವಾಗಿ ಊಟಕ್ಕೆ ತೊಡಗಿದಳು. ಕೋಲು ಎತ್ತಿದ್ದ ವೈನಿ ಅರ್ಧಕ್ಕೇ ನಿಂತರು.

“ಅಕ್ಕಾರ, ನಮ್ಮ ಸೊಸಿಗೆ ಎರಡೂ ಕೈ ಅದಾವ್ರಿ. ಒಂದ್ ದಿನಾನೂ ಹಿಂಗ ಹಾಸಿಗಿ ಎತ್ತಿಲ್ಲ ನೋಡ್ರಿ.”

ಆಮೇಲೆ ನಳದ ಪ್ರಕರಣ. ಕಾಡಿನ ಅಂಚಿನಲ್ಲಿದ್ದ ನೀರಿನ ಗುಂಡಿಯನ್ನು ಯಾರೋ ಮುಚ್ಚಿ ರಸ್ತೆ ಮಾಡಿದ ಮೇಲೆ ಮಂಗಗಳು ನಮ್ಮ ಟೆರೇಸಿನ ನಳದ ಕೆಳಗೆ ಹನಿಗಾಗಿ ಕಾಯತೊಡಗಿದವು. ಈಕೆ ಕಾಯುವ ಜಾತಿಯವಳಲ್ಲ. ಕಟ್ಟೆಯ ಮೇಲೆ ಕುಳಿತು ನಳದ ಹಿಡಿಯನ್ನು ಕಾಲಿನಿಂದ ಒದ್ದು ತೆರೆದಳು. ಎಲ್ಲರೂ ಕುಡಿದರು. ಮುಚ್ಚುವುದು ಮಾತ್ರ ಅವಳ ಕೆಲಸವಲ್ಲ! ಟಾಕಿ ಖಾಲಿಯಾಗಿ, ಸೋಪು ಹಚ್ಚಿಕೊಂಡು ನಿಂತಿದ್ದ ನಮ್ಮ ಸೆಕ್ರೆಟರಿಯವರು ಬಚ್ಚಲಿನಿಂದಲೇ ಕೂಗಿಕೊಂಡರು. ಅವರು ವಿಜಯಪುರದ ಕಡೆಯವರು, ಸಿಟ್ಟಿನ ಮನುಷ್ಯ. ಮರುದಿನವೇ ತಿರುಗಿಸುವ ನಳ ಹಾಕಿಸಿದರು. ಅವಳು ಅದರ ಮುಂದೆ ಕುಳಿತು ಬಹಳ ಹೊತ್ತು ನೋಡಿದಳಂತೆ. ವಾರ ತುಂಬುವುದರೊಳಗೆ ಕಾಲಿನ ಬೆರಳಿನಲ್ಲಿ ಹಿಡಿದು ಅದನ್ನೂ ತಿರುಗಿಸಿದಳು. ಸೆಕ್ರೆಟರಿಯವರು ಈಗ ಸೋಪು ಹಚ್ಚುವ ಮೊದಲು ಬಕೆಟ್ ತುಂಬಿಸಿಕೊಳ್ಳುತ್ತಾರೆ. ಯಾರು ಯಾರಿಗೆ ಕಲಿಸಿದರು ಹೇಳಿ?

ಈ ವರ್ಷ ಅವಳು ಬಾಣಂತಿಯಾದಳು. “ಒಂದ್ ಕೈಯಾಗ ಕೂಸಿನ್ನ ಹೆಂಗ ಸಾಕ್ತಾಳ್ರಿ?” ಎಂದು ವೈನಿ ತಮ್ಮ ಮಗಳ ಬಾಣಂತನಕ್ಕಿಂತ ಹೆಚ್ಚು ಚಿಂತೆ ಮಾಡಿದರು. ಅವಳು ಆ ಮೊಂಡುಗೈಯನ್ನೇ ಮರಿಯ ಬೆನ್ನಿಗೆ ಕೊಟ್ಟು, ಅವಸರವಾದಾಗ ಎರಡು ಕಾಲಿನ ಮೇಲೆ ನೆಟ್ಟಗೆ ನಡೆಯತೊಡಗಿದಳು, ಥೇಟ್ ಲೋಕಲ್ ಟ್ರೇನು ಹಿಡಿಯಲು ಹೊರಟ ಹೆಂಗಸಿನಂತೆ.

ನೀವು ರಜೆಗೆ ನಿಮ್ಮಮ್ಮನ ತವರಿಗೆ ಹೋಗಿದ್ದಾಗ ಒಂದು ದಿನ, ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಯುವವರು ಬಂದರು. ಮಂಗಗಳು ಟೆರೇಸಿನ ಮೇಲಿದ್ದಾಗಲೇ ಅತ್ತಿಮರದ ಆ ಕೊಂಬೆ ಕೆಳಗೆ ಬಿತ್ತು. ಉಳಿದವು ಹಾರಿ ಮರ ಸೇರಿದವು. ಈಕೆ ಅಂಚಿನವರೆಗೆ ಓಡಿ ಬಂದಳು, ಮರ ನೋಡಿದಳು, ಮರಿ ನೋಡಿದಳು, ಹಿಂದೆ ಸರಿದಳು. ಮತ್ತೆ ಬಂದಳು, ಮತ್ತೆ ಸರಿದಳು. ಪೈಪು ಹಿಡಿದು ಇಳಿಯಲು ಒಂದು ಕೈ ಸಾಲದು. ನಾವು ಬೀಗ ಹಾಕಿದ ಜಾಲರಿ ಬಾಗಿಲಿನ ಈಚೆ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆವು. ಮರದಲ್ಲಿದ್ದ ಗುಂಪು ಕೂಗಿತು, ಕಾಯಿತು; ಬಿಸಿಲು ಏರಿದಂತೆ ಒಂದೊಂದಾಗಿ ಕಾಡಿನೊಳಗೆ ಸರಿಯತೊಡಗಿತು.

“ಮಂಗ್ಯಾ ಹಿಡಿಯವ್ರಿಗೆ ಫೋನ್ ಮಾಡ್ತೀನಿ. ಬಲಿ ಹಾಕಿ ಒಯ್ದು ಎಲ್ಲೆರೆ ದೂರ ಬಿಡ್ತಾರ,” ಎಂದರು ಸೆಕ್ರೆಟರಿ.

ಬಲೆಯಲ್ಲಿ ತಾಯಿ ಒಂದು ಕಡೆ, ಮರಿ ಒಂದು ಕಡೆ ಆದರೆ? ಒಂದೇ ಕೈಯವಳು ಗೊತ್ತಿಲ್ಲದ ಗುಂಪಿನಲ್ಲಿ ಬದುಕುವುದು ಹೇಗೆ?

“ಬಾಗಲಾ ತಗೀರಿ,” ಎಂದೆ.

ಇಷ್ಟು ವರ್ಷಗಳಲ್ಲಿ ಸೆಕ್ರೆಟರಿಯವರು ನನ್ನ ಧ್ವನಿ ಕೇಳಿದ್ದು ಅದೇ ಮೊದಲಿರಬೇಕು. ಯಾರು ಮಾತಾಡಿದರೆಂದು ಹಿಂದೆ ತಿರುಗಿ ನೋಡಿದರು.

“ಕಾಕು, ಮಂಗ್ಯಾ ಎಲ್ಲೆರೆ ಮೆಟ್ಲಾ ಇಳಿತೈತೇನ್ರಿ? ಮನಿಯೊಳಗ ಹೊಕ್ಕರ?”

“ಎಲ್ಲಾರೂ ಬಾಗಲಾ ಹಾಕ್ಕೊಳ್ರಿ. ನಳಾ ತಿರವೂದು ಅಕಿಗೆ ಯಾರ್ ಕಲಿಸಿದ್ರು?”

ವೈನಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸೆಕ್ರೆಟರಿ ನಗಲಿಲ್ಲ, ಆದರೆ ಬೀಗ ತೆಗೆದರು. ಮಹಡಿ ಮಹಡಿಗೆ ಕೂಗಿ ಹೇಳಿ ಎಲ್ಲರ ಬಾಗಿಲನ್ನೂ ಹಾಕಿಸಿದರು. ನಾನು ನಮ್ಮ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನಿಂತೆ.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬಂದಳು. ಇದ್ದ ಕೈಯಿಂದ ಕಟಕಟೆ ಹಿಡಿದು, ಮೊಣಕಾಲು ನೋವಿನ ನಮ್ಮಂತೆಯೇ, ಒಂದೊಂದೇ ಮೆಟ್ಟಿಲು ಇಳಿದಳು. ಕೆಳಗೆ ಅಂಗಳ ದಾಟಿ ಗೇಟಿನಿಂದಲೇ ಹೊರಗೆ ಹೋದಳಂತೆ. ಹೆಸರು ಕೇಳದೆ ಯಾರನ್ನೂ ಬಿಡದ ವಾಚ್‌ಮನ್ ಎದ್ದು ದಾರಿ ಬಿಟ್ಟನಂತೆ. ಗೋಡೆಯ ಆಚೆ ಗುಂಪು ಕೂಗಿದ್ದು ನನಗೂ ಕೇಳಿಸಿತು.

ನಾನು ಕಣ್ಣಾರೆ ಕಂಡದ್ದು ಮಾತ್ರ ಇಷ್ಟು. ನಮ್ಮ ಬಾಗಿಲ ಮುಂದೆ ಅವಳ ಕಾಲು ಜಾರಿತು. ಮೊಂಡುಗೈ ಮರಿಯ ಬೆನ್ನಿನಿಂದ ತಪ್ಪಿ ಗೋಡೆಗೆ ತಾಗಿತು. ಮರಿ ಬೀಳಲಿಲ್ಲ. ತಾಯಿಯ ಎದೆಗೂದಲನ್ನು ಎರಡೂ ಮುಷ್ಟಿಯಲ್ಲಿ ತಾನೇ ಬಿಗಿಯಾಗಿ ಹಿಡಿದುಕೊಂಡಿತ್ತು. ಹಿಡಿ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಈ ಊರಿಗೆ ಬಂದು ದಾದರ್ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ನನ್ನ ಎರಡೂ ಕೈಯಲ್ಲಿ ಗಂಟುಗಳಿದ್ದವು. ಎದುರಿಗೆ ನುಗ್ಗಿ ಬರುವ ಜನ. ನಿಮ್ಮ ಅಪ್ಪ ಇನ್ನೂ ಶಾಲೆಗೂ ಸೇರದ ಹುಡುಗ. ಕೈ ಹಿಡಿದುಕೋ ಎನ್ನಲು ನನಗೆ ಕೈಯೇ ಇರಲಿಲ್ಲ. ಚಾಳಿನಲ್ಲಿದ್ದ ಅಣ್ಣನ ಒಂದು ಕೋಣೆಯ ಮನೆಗೆ ಬಂದು ಗಂಟು ಇಳಿಸಿ ತಿರುಗಿ ನೋಡಿದೆ. ಅವನು ನಿಂತಲ್ಲೇ ತೂಕಡಿಸುತ್ತಿದ್ದ. ನನ್ನ ಸೀರೆಯ ನೆರಿಗೆ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.