ಬಾನ್‌ಫೈರಿನ ಎಲುಬು

ಲೇಔಟಿನ ಗೇಟಿಗೆ ಬೆಳಿಗ್ಗೆ ಕಟ್ಟಿದ ಫ್ಲೆಕ್ಸಿನಲ್ಲಿ ಆ ಒಂದು ಶಬ್ದ ಇರದಿದ್ದರೆ ಸಿದ್ದಲಿಂಗೇಶ್ ಅವರ ದಿನ ಸುಖವಾಗಿ ಕಳೆಯುತ್ತಿತ್ತು. ಪ್ರತಿ ವರ್ಷದಂತೆ 'ಕಾಮದಹನ' ಎಂದಷ್ಟೇ ಬರೆಸಿದ್ದರೆ ಯಾರ ತಂಟೆಯೂ ಇರಲಿಲ್ಲ. ಆದರೆ ಈ ಸಲ ಸಂಘದ ಅಧ್ಯಕ್ಷ ಚನ್ನಬಸವರಾಜರು ಸ್ವಲ್ಪ ಸ್ಟೈಲಾಗಿರಲಿ ಎಂದು 'ಕಾಮದಹನ ಹಾಗೂ ಗ್ರ್ಯಾಂಡ್ ಬಾನ್‌ಫೈರ್' ಎಂದು ಬರೆಸಿ, ಪಕ್ಕದಲ್ಲಿ ಕೈ ಮುಗಿದು ನಿಂತ ತಮ್ಮ ಫೋಟೊ ಹಾಕಿಸಿದ್ದರು.

ಸಿರುಗುಪ್ಪದಲ್ಲಿ ಚನ್ನಬಸವರಾಜರಿಗೆ ಅಕ್ಕಿ ಗಿರಣಿಯಿತ್ತು, ಒಂದು ಕಾಲೇಜೂ ಇತ್ತು. ಆ ಕಾಲೇಜಿನಲ್ಲೇ ಸಿದ್ದಲಿಂಗೇಶ್ ಇಂಗ್ಲಿಷ್ ಪಾಠ ಹೇಳುತ್ತಿದ್ದರು, ಅತಿಥಿ ಉಪನ್ಯಾಸಕರಾಗಿ. ಮನೆಗೆ ಬಂದ ಅತಿಥಿ ನಾಲ್ಕು ದಿನಕ್ಕೆ ಎದ್ದು ಹೋಗುತ್ತಾನೆ. ಇವರು ಮಾತ್ರ ತಲೆಗೂದಲು ಹಣ್ಣಾದರೂ ಅತಿಥಿಯಾಗಿಯೇ ಉಳಿದಿದ್ದರು. "ಯುಗಾದಿಗೆ ನಿಮ್ಮನ್ನ ಪರ್ಮನೆಂಟ್ ಮಾಡಿಬಿಡ್ತೀನಿ" ಎಂದು ಚನ್ನಬಸವರಾಜರು ಮೊನ್ನೆಯಷ್ಟೇ ಮಾತು ಕೊಟ್ಟಿದ್ದರು. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅದೇ ಅವರಿಗೆ ಆಗದ ಕೆಲಸ. ಕುಡಿತ, ಇಸ್ಪೀಟು, ಎಲೆ ಅಡಿಕೆ ಯಾವುದೂ ಇರದ ಆ ಮನುಷ್ಯನಿಗೆ ಇದ್ದದ್ದು ಒಂದೇ ಚಟ, ಇಂಗ್ಲಿಷ್ ಶಬ್ದಗಳ ಹುಟ್ಟು ಹೇಳುವುದು. ಹಾಲಿನವನು 'ಪ್ಯಾಕೆಟ್' ಎಂದರೆ ಆ ಪದ ಎಲ್ಲಿಂದ ಬಂತೆಂದು ಗೇಟಿನಲ್ಲೇ ನಿಲ್ಲಿಸಿ ಹೇಳುತ್ತಿದ್ದರು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅವರು ಬಂದು ಕೂತರೆ ಉಳಿದವರಿಗೆಲ್ಲ ಒಮ್ಮೆಲೇ ತಮ್ಮ ಕ್ಲಾಸು ನೆನಪಾಗುತ್ತಿತ್ತು.

ಫ್ಲೆಕ್ಸ್ ನೋಡಿ ಬರುವಾಗ ಮೈದಾನದ ನಡುವೆ ಒಟ್ಟಿದ್ದ ಕಟ್ಟಿಗೆಯ ರಾಶಿ ಕಂಡಿತು. ಚನ್ನಬಸವರಾಜರ ನಾಯಿ ಟೈಗರ್ ಬಾಯಲ್ಲಿ ಬೆಳ್ಳಗಿನದೇನನ್ನೋ ಕಚ್ಚಿಕೊಂಡು ಅವರ ಗೇಟಿನಿಂದ ಹೊರಬಿದ್ದು ಆ ರಾಶಿಯೊಳಗೆ ತೂರಿತು. ಸಿದ್ದಲಿಂಗೇಶ್ ಅದರ ಕಡೆ ಲಕ್ಷ್ಯ ಕೊಡಲಿಲ್ಲ. ಅವರ ಬೆರಳು ಆಗಲೇ ಲೇಔಟಿನ ವಾಟ್ಸಾಪ್ ಗುಂಪಿನಲ್ಲಿ ಓಡುತ್ತಿತ್ತು.

"ಬಂಧುಗಳೇ, ಬಾನ್‌ಫೈರ್ ಎಂಬುದರ ಮೂಲರೂಪ ಬೋನ್ ಫೈರ್. ಬೋನ್ ಎಂದರೆ ಎಲುಬು. ಹಿಂದೆ ಇಂಗ್ಲೆಂಡಿನಲ್ಲಿ ಪ್ರಾಣಿಗಳ ಎಲುಬು ರಾಶಿ ಹಾಕಿ ಸುಡುತ್ತಿದ್ದ ಬೆಂಕಿಯಿದು. ಬರಬರುತ್ತ ಬಯಲಲ್ಲಿ ಹಚ್ಚುವ ದೊಡ್ಡ ಬೆಂಕಿಗೆಲ್ಲ ಅದೇ ಹೆಸರಾಯಿತು. ಹಬ್ಬದ ಶುಭಾಶಯಗಳು."

ಹೆಂಡತಿ ಹೇಮಾ ಮೊಬೈಲ್ ನೋಡಿ ಹಣೆ ಹಿಡಿದುಕೊಂಡಳು. "ಯುಗಾದಿ ತನಕ ಸುಮ್ನಿರ್ರಿ ಅಂದಿದ್ನಿಲ್ಲ. ಈಗ ಈ ಎಲುಬು ಯಾರಿಗೆ ಬೇಕಾಗಿತ್ತು?"

"ಹೇಮಾ, ಇದು ಜ್ಞಾನ. ಇದರಾಗ ತಪ್ಪೇನೈತಿ?"

ತಪ್ಪೇನೆಂದು ಕೆಳಗಿನ ಮನೆಯಿಂದ ಗೊತ್ತಾಯಿತು. ಮನೆ ಮಾಲಕಿ ಉಚ್ಚಂಗೆಮ್ಮ ಮೂರು ಹೊತ್ತು ಶಿವಪೂಜೆ ಮಾಡುವವರು. ತತ್ತಿ ತಿನ್ನುವವರ ನೆರಳು ತಮ್ಮ ಮನೆಯ ಮೆಟ್ಟಿಲಿಗೆ ಬೀಳಬಾರದೆಂದು ಮೊದಲೇ ಹೇಳಿ ಬಾಡಿಗೆಗೆ ಕೊಟ್ಟವರು. ಅವರ ಧ್ವನಿಸಂದೇಶ ಗುಂಪಿಗೆ ಬಂದು ಬಿತ್ತು. "ಏನು, ನಮ್ಮ ಕಾಮಣ್ಣನ ಬೆಂಕ್ಯಾಗ ಎಲುಬು ಸುಡ್ತಾರಂತ? ಆ ಕೆಂಡ ತಂದು ನಾ ಒಲಿ ಹಚ್ಚಬೇಕು. ದೇವರ ಎಡಿ ಅದ ಒಲಿ ಮ್ಯಾಲ ಆಗಬೇಕು. ಯಾರದಿದು ಬುದ್ಧಿ?"

ಗುಂಪಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಛೀ ಛೀ ಎಂದರು. ಸಿದ್ದಲಿಂಗೇಶ್ ಗಾಬರಿಯಲ್ಲಿ ಸಂದೇಶ ಅಳಿಸಿದರು. ಅದು ಅವರ ಮೊಬೈಲಿನಿಂದ ಮಾತ್ರ ಅಳಿಸಿ ಉಳಿದವರ ಹತ್ತಿರ ಹಾಗೇ ಉಳಿಯಿತು. ಅಷ್ಟರಲ್ಲಿ ಚನ್ನಬಸವರಾಜರ ಫೋನು ಬಂತು.

"ಏನ್ ಸರ, ನನ್ನ ಫೋಟೊ ಬಾಜೂಕ ಎಲುಬು ಸಿಗಸೀರಂತ? ಸಂಜೀ ಒಳಗ ಸರಿ ಮಾಡ್ರಿ. ಇಲ್ಲಂದ್ರ ಯುಗಾದಿ ವಿಚಾರ ಆಮ್ಯಾಲ ನೋಡೋಣು."

ಸಿದ್ದಲಿಂಗೇಶ್ ಬೆವರು ಒರೆಸಿಕೊಂಡು, ಜೀವಮಾನದಲ್ಲೇ ಮೊದಲ ಸಲ ಒಂದು ಶಬ್ದಕ್ಕೆ ಸುಳ್ಳು ಹುಟ್ಟು ಕಟ್ಟಿದರು. "ಹೊಸ ಸಂಶೋಧನೆಯ ಪ್ರಕಾರ 'ಬಾನ್' ಎಂಬುದು ಫ್ರೆಂಚ್ ಪದ. ಅರ್ಥ ಒಳ್ಳೆಯದು. ಆದ್ದರಿಂದ ಬಾನ್‌ಫೈರ್ ಎಂದರೆ ಮಂಗಳಕರವಾದ ಬೆಂಕಿ." ಅದಕ್ಕೆ ಹತ್ತಾರು ಜನ ಹೂವು ಕಳಿಸಿದರು. ಅವರು ಚಹಾ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಚನ್ನಬಸವರಾಜರ ಮಗಳು ರಶ್ಮಿ ಡಿಕ್ಷನರಿಯ ಪುಟವೊಂದನ್ನು ಗುಂಪಿಗೆ ಹಾಕಿದಳು. "ಸರ್, ನೀವು ಮೊದಲು ಹೇಳಿದ್ದೇ ಕರೆಕ್ಟ್. ಫ್ರೆಂಚ್ ಕತೆ ಜನ ಆಮೇಲೆ ಕಟ್ಟಿದ್ದು. ನೀವೇ ನಮಗೆ ಕಲಿಸಿದ್ದಿರಿ." ಕೊನೆಗೆ ನಮಸ್ಕಾರದ ಚಿತ್ರ ಬೇರೆ. ಶಿಷ್ಯೆ ಇಷ್ಟು ಚೆನ್ನಾಗಿ ಕಲಿತದ್ದಕ್ಕೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಆಯಿತು, ಅಳುವೂ ಬಂತು.

ಸಂಜೆಗೆ ಉಚ್ಚಂಗೆಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಮೈದಾನಕ್ಕೆ ಬಂದರು. "ರಾಶಿ ಬಿಚ್ಚಿ ತೋರಸ್ರಿ. ಒಳಗೇನೂ ಇಲ್ಲಂತ ನಾ ಕಣ್ಣಾರೆ ನೋಡಬೇಕು. ಎಲುಬಿನ ಮಾತು ತಗದವರೇ ಬಿಚ್ಚಲಿ."

ಹಾಗಾಗಿ ಸಿದ್ದಲಿಂಗೇಶ್ ಪ್ಯಾಂಟು ಮಡಿಚಿ ರಾಶಿ ಹತ್ತಿದರು. ಓಣಿಯ ಕೊನೆಗೆ ಕಟ್ಟಿಗೆ ಅಡ್ಡೆ ಇಟ್ಟಿರುವ ಕರೀಮಸಾಬ್ ಪಾಪ ಅನಿಸಿ ಕೈ ಹಚ್ಚಿದರು. ಕಾಮಣ್ಣನ ಕಟ್ಟಿಗೆಯನ್ನು ಕದ್ದೇ ತರಬೇಕು, ಕಳೆದುಕೊಂಡವರು ಕೇಳಬಾರದು ಎಂಬುದು ಈ ಕಡೆಯ ರೂಢಿ. ಉರಿದು ಬೂದಿಯಾದರೆ ಯಾರದೆಂದು ಯಾರಿಗೂ ತಿಳಿಯುವುದಿಲ್ಲ, ಸಿಟ್ಟೂ ಬರುವುದಿಲ್ಲ. ಈಗ ಒಂದೊಂದೇ ಹೊರಗೆ ಬರತೊಡಗಿತು. ಉಚ್ಚಂಗೆಮ್ಮನ ಏಣಿ ಬಂತು. ಮೂಲೆಮನೆಯ ವೀರೇಶನ ಹೊಸ ಗೇಟಿನ ಹಲಗೆ ಬಂತು. ಅವನ ಅತ್ತೆಯ ಮಂಚದ ಕಾಲು ಬಂದಾಗ, ಅದನ್ನು ತಂದು ಹಾಕಿದವನು ಅಳಿಯ ವೀರೇಶನೇ ಎಂಬುದೂ ಹೊರಬಿತ್ತು.

"ನನ್ನ ಅಡ್ಡೀ ಬೋರ್ಡನ್ನೂ ಬಿಟ್ಟಿಲ್ಲಲ್ರೀ" ಎಂದು ಕರೀಮಸಾಬ್ ಹಲಗೆಯೊಂದನ್ನು ಎತ್ತಿದರು. ಅದರ ಕೆಳಗೆ ಎಲುಬು ಬಿದ್ದಿತ್ತು.

ಎರಡೂ ತುದಿ ಗಂಟಾಗಿ, ಬೆಳ್ಳಗೆ, ಗೇಣುದ್ದ ಇತ್ತು. ಸುತ್ತ ನಿಂತವರೆಲ್ಲ ಒಟ್ಟಿಗೆ ಹಿಂದೆ ಸರಿದರು. ಮುಟ್ಟುವ ಮಾತಂತೂ ದೂರ, ಹತ್ತಿರ ಬಗ್ಗಿ ನೋಡಲೂ ಯಾರೂ ಮುಂದಾಗಲಿಲ್ಲ.

"ಇದು ನಾಯಿ ತಂದದ್ದು" ಎಂದರು ಉಚ್ಚಂಗೆಮ್ಮ. "ಲೇಔಟಿನ್ಯಾಗ ನಾಯಿ ಸಾಕಿದೋರು ಯಾರು?"

ನಾಯಿ ಸಾಕಿದ್ದು ಒಂದೇ ಮನೆ. ಎಲ್ಲರ ಕಣ್ಣೂ ಮೆಲ್ಲಗೆ ಚನ್ನಬಸವರಾಜರ ಕಡೆ ಹೊರಳಿದವು. ಹಣೆ ತುಂಬ ವಿಭೂತಿ ಬಳಿದ ಅವರ ಮುಖ ವಿಭೂತಿಗಿಂತ ಬೆಳ್ಳಗಾಯಿತು. ಆ ಮುಖ ನೋಡುತ್ತಲೇ ಸಿದ್ದಲಿಂಗೇಶ್‌ಗೆ ಬೆಳಗಿನ ಟೈಗರ್ ನೆನಪಾಯಿತು. ಅಂದರೆ ಈ ಸಾವಕಾರರು ಒಳಗೊಳಗೇ ಮಟನ್ ಹೊಡೆಯುತ್ತಿದ್ದಾರೆ. ಈಗ ಇವರ ಮಾನ ಉಳಿಸಿದವನನ್ನು ಇವರು ಜನ್ಮದಲ್ಲಿ ಮರೆಯುವುದುಂಟೆ? ಪರ್ಮನೆಂಟ್ ಆರ್ಡರು ನಾಳೆಯೇ ಮನೆಗೆ ಬರುತ್ತದೆ.

ಅವರು ಎದೆ ಮುಂದೆ ಮಾಡಿ ನಿಂತರು. "ಆ ಎಲುಬು ನಂದು. ನಾ ತಿಂದು ಒಗದದ್ದು."

ಹೇಮಾ ಕುರುಗೋಡಿನ ತವರಿಗೆ ಆ ಕ್ಷಣವೇ ಹೊರಟವಳಂತೆ ಗಂಡನನ್ನು ನೋಡಿದಳು. ಕರೀಮಸಾಬ್ ಕೈಯಲ್ಲಿನ ಹಲಗೆ ಕೆಳಗಿಟ್ಟರು. ಮಟನ್ ಅಂಗಡಿಯ ಮುಂದೆ ಮೂಗಿಗೆ ಕರ್ಚೀಫು ಹಿಡಿದು ಓಡುವ ಈ ಮನುಷ್ಯನನ್ನು ಅವರು ದಿನಾ ನೋಡಿದ್ದರು.

"ನೀವಾ?" ಎಂದರು ಉಚ್ಚಂಗೆಮ್ಮ.

"ಹೌದ್ರೀ ಅಮ್ಮಾರ. ನಾಲಿಗಿ ಕೇಳಲಿಲ್ಲ. ಟೈಗರ್ ಎತ್ತಿಕೊಂಡು ಬಂದಿರಬೇಕು. ಸಾವಕಾರ್ರ ತಪ್ಪು ಏನೂ ಇಲ್ಲ."

ಅಷ್ಟರಲ್ಲಿ ಟೈಗರ್ ಜನರ ಕಾಲ ಸಂದಿಯಿಂದ ನುಗ್ಗಿ ಬಂದು ಎಲುಬನ್ನು ಗಬಕ್ಕನೆ ಕಚ್ಚಿತು. ಎಲುಬು 'ಕುಂಯ್' ಎಂದಿತು. ಮತ್ತೆ ಕಚ್ಚಿತು, ಮತ್ತೆ ಕುಂಯ್ ಎಂದಿತು.

ಓಡಿ ಬಂದ ರಶ್ಮಿ, "ಅಪ್ಪಾಜಿ, ಇದು ಟೈಗರಂದು ಆಡೋ ರಬ್ಬರ್ ಎಲುಬು. ಮೊನ್ನಿ ಬಳ್ಳಾರಿಯಿಂದ ತಂದಿದ್ದೆ. ಮುಂಜಾನಿಂದ ಹುಡುಕಾಕತ್ತೀನಿ" ಎಂದಳು.

ಉಚ್ಚಂಗೆಮ್ಮ ರಬ್ಬರಿನ ಎಲುಬನ್ನು ನೋಡಿದರು, ಆಮೇಲೆ ಸಿದ್ದಲಿಂಗೇಶ್ ಅವರನ್ನು ನೋಡಿದರು. "ಎಲುಬು ರಬ್ಬರಂದಾತು. ನೀವು ತಿಂದದ್ದು?"

ಸಿದ್ದಲಿಂಗೇಶ್ ಬಾಯಿ ತೆರೆದರು. ತಾನು ತಿಂದಿಲ್ಲ ಎಂದರೆ, ಮತ್ತೆ ತಿಂದೆನೆಂದು ಯಾಕೆ ಹೇಳಿದೆ ಎಂಬ ಪ್ರಶ್ನೆ ಬರುತ್ತದೆ. ಸಾವಕಾರರು ತಿಂದಿರಬೇಕು ಅಂದುಕೊಂಡೆ ಎಂಬ ಉತ್ತರವನ್ನು ಸಾವಕಾರರ ಎದುರಿಗೇ ಕೊಡಬೇಕಾಗುತ್ತದೆ. ಸಾವಿರಾರು ಶಬ್ದಗಳ ಹುಟ್ಟು ಬಲ್ಲ ಅವರಿಗೆ ಆಡಲು ಒಂದು ಶಬ್ದವೂ ಸಿಗಲಿಲ್ಲ. ಅವರು ಬಾಯಿ ಮುಚ್ಚಿದರು, ಬೆಳಿಗ್ಗೆಯೇ ಮುಚ್ಚಬೇಕಿದ್ದ ಬಾಯಿ.

"ಯುಗಾದಿಗೆ ನನ್ನ ಮನಿ ಖಾಲಿ ಮಾಡ್ರಿ" ಎಂದು ಉಚ್ಚಂಗೆಮ್ಮ ತಮ್ಮ ಏಣಿ ಹೊತ್ತುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಕೆಂಡ ಒಯ್ಯಲು ಕುಡಿಕೆ ಹಿಡಿದು ಮರಳಿ ಬಂದರು, ಸಿದ್ದಲಿಂಗೇಶ್ ನಿಂತ ಕಡೆ ಮಾತ್ರ ತಿರುಗಲಿಲ್ಲ.

ರಾಶಿ ಮತ್ತೆ ಒಟ್ಟಿ ಬೆಂಕಿ ಕೊಟ್ಟರು. ಎಲ್ಲರೂ ಬಾಯಿ ಬಡಿದುಕೊಂಡು ಕಾಮಣ್ಣನ ಹೆಸರಲ್ಲಿ ಲಬೋ ಲಬೋ ಅಂದರು. ಸಿದ್ದಲಿಂಗೇಶ್ ಕೂಡ ಅಂದರು, ಅವರದು ಮಾತ್ರ ನಿಜವಾದ ದುಃಖವಾಗಿತ್ತು. ಆಗ ಹೆಗಲ ಮೇಲೆ ಒಂದು ಕೈ ಬಿತ್ತು. ಚನ್ನಬಸವರಾಜರು ಅವರನ್ನು ಹೊಗೆಯ ಮರೆಗೆ ಕರೆದೊಯ್ದರು. ಯುಗಾದಿಯೂ ಹೋಯಿತು ಎಂದುಕೊಂಡು ಸಿದ್ದಲಿಂಗೇಶ್ ತಲೆ ತಗ್ಗಿಸಿದರು.

"ಸರ" ಎಂದರು ಚನ್ನಬಸವರಾಜರು, ದನಿ ತಗ್ಗಿಸಿ. "ಅಷ್ಟು ಮಂದಿ ಎದುರಿಗೆ ಧೈರ್ಯಲೇ ಒಪ್ಪಿಕೊಂಡ್ರಿ. ನನಗ ಆ ಧೈರ್ಯ ಇಲ್ಲ. ಗಿರಣ್ಯಾಗ ಹಮಾಲ್ರು ಊಟದ ಡಬ್ಬಿ ಬಿಚ್ಚಿದಾಗ ಮಟನ್ ವಾಸನಿ ಬರತೈತಲ್ಲ, ಎಷ್ಟೋ ವರ್ಷದಿಂದ ಒಮ್ಮೆ ರುಚಿ ನೋಡಬೇಕಂತ ಆಸಿ. ಕರಕೊಂಡು ಹೋಗೋರು ಸಿಕ್ಕಿದ್ದಿಲ್ಲ. ಬರೋ ಐತ್ವಾರ ಬಳ್ಳಾರಿಗೆ ಹೋಗೋಣು. ನಿಮ್ಮ ಖಾಯಂ ಜಾಗಾ ಯಾವುದು, ಅಲ್ಲಿಗೇ. ನಿಮ್ಮ ಆರ್ಡರ್ ವಿಚಾರ ಅಲ್ಲೇ ಊಟಕ್ಕ ಕುಂತಾಗ ಮಾತಾಡೋಣು."

"ಅಲ್ರೀ, ಸಾವಕಾರ್ರ, ನಾನು..."

"ಒಂದ ಮಾತು. ನಾ ಹೊಸಬ ಅದೀನಿ. ಮೊದಲು ನೀವು ತಿಂದು ತೋರಸಬೇಕು, ಆಮ್ಯಾಲ ನಾ ಕೈ ಹಚ್ಚತೀನಿ."

ಅವರು ವಿಭೂತಿ ಸರಿಮಾಡಿಕೊಂಡು ಗುಂಪಿನೊಳಗೆ ಸೇರಿಹೋದರು. ಹುಟ್ಟಿದಾಗಿನಿಂದ ತತ್ತಿಯನ್ನೂ ಮುಟ್ಟದ ಸಿದ್ದಲಿಂಗೇಶ್ ಉರಿಯನ್ನೇ ನೋಡುತ್ತ ಭಾನುವಾರಕ್ಕೆ ಎಷ್ಟು ದಿನ ಉಳಿದಿವೆಯೆಂದು ಬೆರಳು ಮಡಿಚಿ ಎಣಿಸಿದರು. ಆಮೇಲೆ ಅತ್ತಿತ್ತ ನೋಡಿ, ಕರೀಮಸಾಬ್ ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದರು.

"ಭಾಯಿ, ಮೊದಲ್ನೇ ಸಲ ತಿನ್ನೋರಿಗೆ ಹೊಟ್ಟಿಗೆ ಏನೂ ಆಗಂಗಿಲ್ಲ, ಹೌದಿಲ್ಲೋ?"