ನಾನು ಅರೆಸ್ಟ್ ಆಗಿದ್ದೆನಾ, ಇಲ್ಲವಾ?

ಮನುಷ್ಯನಾದವನಿಗೆ ತನ್ನ ಬಗ್ಗೆ ತನಗೇ ಗೊತ್ತಿರಬೇಕಾದ ಕೆಲವು ಸಂಗತಿಗಳಿರುತ್ತವೆ. ಹೆಸರು, ರಕ್ತದ ಗುಂಪು, ಶರ್ಟಿನ ಅಳತೆ, ಮತ್ತು ತನ್ನನ್ನು ಪೊಲೀಸರು ಯಾವತ್ತಾದರೂ ಅರೆಸ್ಟ್ ಮಾಡಿದ್ದಾರೋ ಇಲ್ಲವೋ ಎಂಬುದು. ಮೊದಲ ಮೂರಕ್ಕೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಉತ್ತರ ಕೊಡಬಲ್ಲೆ. ನಾಲ್ಕನೆಯದಕ್ಕೆ ಮಾತ್ರ ಈ ವರ್ಷ ನಾನೇ ಸ್ಟೇಷನ್ನಿಗೆ ಹೋಗಿ, "ಸ್ವಲ್ಪ ನೋಡಿ ಹೇಳ್ತೀರಾ?" ಎಂದು ಕೇಳಬೇಕಾಯಿತು.

ಇದಕ್ಕೆಲ್ಲ ಮೂಲ ನನ್ನ ಗಂಟಲು. ಹಲಸೂರಿನಲ್ಲಿ ಹುಟ್ಟಿ ಬೆಳೆದವನಿಗೆ ಕನ್ನಡ, ತಮಿಳು, ಉರ್ದು ಮೂರೂ ಒಂದೇ ನಲ್ಲಿಯಲ್ಲಿ ಬರುತ್ತವೆ. ನನಗೆ ಅದರ ಜೊತೆಗೆ ಆ ಭಾಷೆ ಆಡುವವರ ಧ್ವನಿಯೂ ಬಂದುಬಿಟ್ಟಿತು. ಸೊಪ್ಪಿನ ಗಾಡಿಯವನು, ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸು, ಗರುಡಾಚಾರ್‌ಪಾಳ್ಯದ ನಮ್ಮ ಆಫೀಸಿನಲ್ಲಿ ಪ್ರತಿ ವಾಕ್ಯವನ್ನೂ "ಬೇಸಿಕಲಿ" ಎಂದು ಶುರು ಮಾಡಿ ಮೂಲಕ್ಕೆ ಮಾತ್ರ ಯಾವತ್ತೂ ತಲುಪದ ಮ್ಯಾನೇಜರು, ಎಲ್ಲರೂ ನನ್ನೊಳಗೆ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ನನ್ನ ಸ್ವಂತ ಧ್ವನಿಗೆ ಹಜಾರದಲ್ಲಿ ಚಾಪೆ ಹಾಸಿ ಮಲಗುವ ಗತಿ. ಅಮ್ಮನಂತೂ ನಾನು ಫೋನ್ ಮಾಡಿದಾಗಲೆಲ್ಲ, "ಮೊದಲು ಯಾರ ಥರ ಮಾತಾಡ್ತಿದ್ದೀಯ ಅಂತ ಹೇಳು, ಆಮೇಲೆ ವಿಷಯಕ್ಕೆ ಬಾ" ಎನ್ನುತ್ತಾಳೆ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ರಾಜ್ಯೋತ್ಸವದಲ್ಲಿ ನನ್ನ ಮಿಮಿಕ್ರಿ ಇತ್ತು. ಹುಡುಗರು ಉತ್ಸಾಹದಲ್ಲಿ ಸ್ಟೇಜನ್ನು ಅರ್ಧ ರಸ್ತೆಗೆ ಚಾಚಿ ಕಟ್ಟಿದ್ದರು. ಸಂಜೆ ಆಫೀಸು ಬಿಡುವ ಹೊತ್ತು. ಒಂದು ಬಸ್ಸು ಬಂದು, ಮುಂದಕ್ಕೂ ಹೋಗಲಾಗದೆ ಹಿಂದಕ್ಕೂ ಹೋಗಲಾಗದೆ, ಮುಂದಿನ ಸಾಲಿನ ಪ್ರೇಕ್ಷಕನ ಹಾಗೆ ನಿಂತುಬಿಟ್ಟಿತು. ನಾನು ಆಗ ನಮ್ಮ ಏರಿಯಾದ ಇನ್ಸ್‌ಪೆಕ್ಟರ್ ಸಾಹೇಬರ ಧ್ವನಿ ಮಾಡುತ್ತಿದ್ದೆ. "ಯಾರ್ರೀ ಅದು ರಸ್ತೆಗೆ ಸ್ಟೇಜ್ ಹಾಕಿದ್ದು? ತೆಗೀರಿ ಮೊದ್ಲು!" ಜನ ಬಿದ್ದು ಬಿದ್ದು ನಕ್ಕರು. ಎರಡನೇ ಸಲ ಅದೇ ಮಾತು ಅದೇ ಧ್ವನಿಯಲ್ಲಿ ಕೇಳಿಸಿತು, ಜನ ಇನ್ನೂ ಜೋರಾಗಿ ನಕ್ಕರು, ಯಾರೋ ಶಿಳ್ಳೆ ಹೊಡೆದರು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಎರಡನೇ ಸಲ ನಾನು ಬಾಯಿಯನ್ನೇ ತೆರೆದಿರಲಿಲ್ಲ. ಸಾಹೇಬರು ಸ್ಟೇಜಿನ ಪಕ್ಕದಲ್ಲಿ ಬಂದು ನಿಂತಿದ್ದರು. ಇಡೀ ಬೀದಿ ನೋಡುತ್ತಿದ್ದಂತೆ ನನ್ನನ್ನು ಜೀಪು ಹತ್ತಿಸಿದರು. ಜನ ಅದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿ ಕಳಿಸಿಕೊಟ್ಟರು.

ಸ್ಟೇಷನ್ನಿನಲ್ಲಿ ನಡೆದದ್ದು ಇಷ್ಟೇ. ಬೆಂಚಿನ ಮೇಲೆ ಕೂರಿಸಿದರು, ರಸ್ತೆಗೆ ಸ್ಟೇಜ್ ಹಾಕಬಾರದೆಂದು ಬುದ್ಧಿ ಹೇಳಿದರು, ಟೀ ಕೊಟ್ಟರು, ಕಳಿಸಿದರು. ಆದರೆ ಇಷ್ಟನ್ನೇ ಹೇಳಿದರೆ ಯಾರು ಕೇಳುತ್ತಾರೆ? ಮುಂದಿನ ಕಾರ್ಯಕ್ರಮದಲ್ಲಿ ಜೀಪಿಗೆ ಸೈರನ್ ಸೇರಿತು. ಅದರ ಮುಂದಿನದರಲ್ಲಿ ಲಾಕಪ್ಪು ಬಂತು, ಲಾಕಪ್ಪಿನೊಳಗೆ ಶಿವಾಜಿನಗರದ ಒಬ್ಬ ಪಿಕ್‌ಪಾಕೆಟ್ ಬಂದ, ಅವನು "ಕ್ಯಾ ಭಾಯ್, ಫಸ್ಟ್ ಟೈಮಾ?" ಎಂದು ನನಗೆ ಜಾಗ ಬಿಟ್ಟುಕೊಟ್ಟ. 'ನಾನು ಅರೆಸ್ಟ್ ಆದ ಕಥೆ' ನನ್ನ ಅತ್ಯುತ್ತಮ ಐಟಂ ಆಯಿತು. ಹೇಳಿ ಹೇಳಿ ಕೊನೆಗೆ ಆ ಪಿಕ್‌ಪಾಕೆಟ್ಟಿನ ಮುಖವೂ ನನಗೆ ನೆನಪಾಗತೊಡಗಿತು.

ಈ ಐಟಮ್ಮನ್ನು ಒಂದು ನಾಮಕರಣದಲ್ಲಿ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕವರು ಮುನಿರಾಜಪ್ಪನವರು. ಕೆ.ಆರ್. ಪುರದ ಕಡೆಯ ಹಳೇ ಮನೆತನ. ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು ಬೆಳೆದಿವೆ. ಆ ದಿನ ನನಗೂ ಅವರಿಗೂ ಗೊತ್ತಿಲ್ಲದ ಸಂಗತಿ ಒಂದಿತ್ತು: ಅವರು ನನ್ನ ಭಾವಿ ಮಾವ. ಗೊತ್ತಿದ್ದದ್ದು ಅವರ ಮಗಳು ಪವಿತ್ರಾಗೆ ಮಾತ್ರ. ನನ್ನ ಆಫೀಸಿನಲ್ಲೇ ಕೆಲಸ ಮಾಡುವ, ನಾನು ಮದುವೆಯಾಗಬೇಕೆಂದುಕೊಂಡಿದ್ದ ಪವಿತ್ರಾ ಅವಳೇ. ತಿಂಗಳಾದ ಮೇಲೆ ಹೆಣ್ಣು ಕೇಳಲು ಅವರ ಮನೆಗೆ ಹೋದಾಗ ಮುನಿರಾಜಪ್ಪನವರು ನನ್ನನ್ನು ನೋಡಿದ ಕೂಡಲೇ ನಕ್ಕರು, ಆಮೇಲೆ ಏನೋ ನೆನಪಾಗಿ ನಗು ನಿಲ್ಲಿಸಿದರು.

"ನೋಡಪ್ಪಾ, ಅವತ್ತು ಹೇಳಿದ್ಯಲ್ಲ ಅರೆಸ್ಟು, ಅದು ನಿಜಾನಾ, ಐಟಮ್ಮಾ?"

ಇಕ್ಕಟ್ಟು ನಿಮಗೂ ಅರ್ಥವಾಗುತ್ತದೆ. ನಿಜ ಅಂದರೆ ಕ್ರಿಮಿನಲ್, ಐಟಂ ಅಂದರೆ ಸುಳ್ಳ. ನಾನು "ಸ್ವಲ್ಪ ನಿಜ ಮಾವ" ಅಂದೆ. ಮಾವ ಅಂದದ್ದೂ ಸ್ವಲ್ಪ ಬೇಗವೇ ಆಯಿತು.

ಮುನಿರಾಜಪ್ಪನವರು ಅರ್ಧ ಆಯುಷ್ಯವನ್ನು ಜಮೀನಿನ ಕಾಗದಗಳ ಹಿಂದೆ ಕಳೆದವರು. ಅವರಿಗೆ ಮನುಷ್ಯರ ಮಾತಿನಲ್ಲಿ ನಂಬಿಕೆಯಿಲ್ಲ, ಸೀಲಿನಲ್ಲಿ ಇದೆ. "ಒಂದು ಸೈಟ್ ತಗೊಳ್ಳೋಕೆ ಮುಂಚೆ ಇಸಿ ತೆಗೆಸ್ತೀವಿ. ಅದರ ಮ್ಯಾಲೆ ಸಾಲ ಐತಾ, ಕೇಸ್ ಐತಾ ಎಲ್ಲಾ ನೋಡ್ತೀವಿ. ಅಳಿಯ ಅಂದ್ರೆ ಸೈಟಿಗಿಂತ ಕಡಿಮೇನಾ? ಪೊಲೀಸ್ನೋರ ಹತ್ರ ಬರೆಸ್ಕೊಂಡ್ ಬಾ. ಕ್ಲಿಯರ್ ಅಂದ್ರೆ ಮುಂದಿನ ಮಾತು" ಎಂದರು. ಬಾಗಿಲ ಹಿಂದೆ ಪವಿತ್ರಾ ನಗು ತಡೆಯುವುದು ಕೇಳಿಸಿತು. ಹೊರಗೆ ಬಂದ ಮೇಲೆ ಕೂಡ ಅವಳು ನನ್ನ ಪರವಾಗಿ ಹೇಳಿದ್ದು ಒಂದೇ ಮಾತು: "ಮಗಾ, ಆ ಪೇಪರ್ ಬರ್ಲಿಲ್ಲ ಅಂದ್ರೆ ಅಪ್ಪ ಬೇರೆ ಸೈಟ್ ನೋಡ್ತಾರೆ. ತಮಾಷೆ ಅಲ್ಲ."

ಹೀಗೆ ನಾನು ಅದೇ ಸ್ಟೇಷನ್ನಿಗೆ ಮತ್ತೆ ಹೋದೆ, ಈ ಸಲ ಆಟೋದಲ್ಲಿ. ಹಳೇ ಇನ್ಸ್‌ಪೆಕ್ಟರ್ ವರ್ಗವಾಗಿ ಹೋಗಿದ್ದರು. ಸ್ಟೇಷನ್ ರೈಟರ್, ಅಂದರೆ ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್ ಸರೋಜಾ ಮೇಡಂ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಏನು ಕಂಪ್ಲೇಂಟು?" ಎಂದರು.

"ಕಂಪ್ಲೇಂಟ್ ಅಲ್ಲ ಮೇಡಂ. ನನ್ನನ್ನ ಅರೆಸ್ಟ್ ಮಾಡಿದ್ರಾ ಇಲ್ವಾ ಅಂತ ತಿಳ್ಕೋಬೇಕಿತ್ತು."

ಆಗ ಅವರ ಕಣ್ಣು ಕಂಪ್ಯೂಟರ್ ಬಿಟ್ಟಿತು. "ನಿಮ್ಮನ್ನಾ? ನಿಮಗೇ ಗೊತ್ತಿಲ್ವಾ?"

ನಾನು ಎಲ್ಲ ಹೇಳಿದೆ. ಅವರು, "ಅರೆಸ್ಟ್ ಮಾಡಿದ್ರೆ ಮೆಮೋ ಬರೀತೀವಿ, ಸಾಕ್ಷಿ ಸೈನ್ ಇರುತ್ತೆ, ಮನೆಯವರಿಗೆ ತಿಳಿಸ್ತೀವಿ. ನಿಮ್ಮ ಮನೆಗೆ ಯಾರಾದ್ರೂ ಫೋನ್ ಮಾಡಿದ್ರಾ?" ಎಂದರು.

"ನಾನೇ ಮಾಡ್ದೆ ಮೇಡಂ. ಊಟಕ್ಕೆ ಲೇಟಾಗುತ್ತೆ ಅಂತ."

"ಚೆನ್ನಾಗಿದೆ" ಎಂದು ಅವರು ದಾರಿಗಳನ್ನು ಹೇಳಿದರು. ಕೇಸ್ ಆಗಿದ್ದರೆ ಎಫ್‌ಐಆರ್ ಆಗಿರುತ್ತದೆ. ತೀರಾ ಸೂಕ್ಷ್ಮವಾದವನ್ನು ಬಿಟ್ಟು ಉಳಿದವು ಪೊಲೀಸರ ವೆಬ್‌ಸೈಟಿನಲ್ಲೇ ಸಿಗುತ್ತವೆ. ಇಂಥ ದಾಖಲೆಯ ಪ್ರತಿ ಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಆದರೆ ಮಾವನಿಗೆ ತೋರಿಸಲು ಬೇಕಾದದ್ದು ಪೊಲೀಸ್ ಕ್ಲಿಯರೆನ್ಸ್. ಅದಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಇಲ್ಲಿಂದಲೇ ಪರಿಶೀಲನೆ ನಡೆಯುತ್ತದೆ. ನಾನು ಸಂದು ಸಿಕ್ಕಿತೆಂದು, "ಹಂಗೇ ನಮ್ಮ ಮ್ಯಾನೇಜರ್ ಹೆಸರಲ್ಲೂ ಏನಾದ್ರೂ ಇದೆಯಾ ನೋಡಬಹುದಾ?" ಎಂದೆ. "ಬೇರೆಯವರದ್ದು ಹಾಗೆಲ್ಲ ಕೊಡಲ್ಲ. ನಿಮ್ಮದು ನೀವು ನೋಡ್ಕೊಳ್ಳಿ" ಎಂದರು. ಆ ಕೊನೆಯ ವಾಕ್ಯವನ್ನು ನಮ್ಮಮ್ಮನೂ ಅದೇ ರಾಗದಲ್ಲಿ ಹೇಳುತ್ತಾಳೆ.

ಅರ್ಜಿ ಹಾಕಿದೆ. ನಾನು ಮರೆತದ್ದು ಒಂದನ್ನು: ಪರಿಶೀಲನೆ ಅಂದರೆ ಕಾನ್‌ಸ್ಟೇಬಲ್ ಒಬ್ಬರು ಮನೆಯ ಹತ್ತಿರ ಬಂದು ಅಕ್ಕಪಕ್ಕದವರನ್ನು ಕೇಳುತ್ತಾರೆ. ಅವರು ಬಂದಾಗ ನಾನು ಆಫೀಸಿನಲ್ಲಿದ್ದೆ. ಎದುರುಮನೆಯ ಸೆಲ್ವಿ ಆಂಟಿ ಮಾತ್ರ ಬಾಗಿಲಲ್ಲೇ ಇದ್ದರು. ನನ್ನನ್ನು ಎತ್ತಿ ಆಡಿಸಿದವರು, ನನ್ನ ಎಲ್ಲ ಕಾರ್ಯಕ್ರಮಗಳಿಗೂ ಮುಂದಿನ ಸಾಲಿನಲ್ಲಿ ಕೂತವರು. ಅವರು ನನ್ನ ಪರವಾಗಿ ಪೂರ್ಣ ಮನಸ್ಸಿನಿಂದ ಸಾಕ್ಷಿ ನುಡಿದರಂತೆ.

"ತುಂಬಾ ನಲ್ಲ ಪೈಯನ್ ಸಾರ್, ಒಳ್ಳೆ ಹುಡುಗ. ಕುಡಿಯಲ್ಲ, ಜಗಳ ಇಲ್ಲ. ಒಂದೇ ಒಂದು ಸಲ ಅರೆಸ್ಟ್ ಆಗಿದ್ದ, ಅಷ್ಟೇ. ಅದೂ ಒಳ್ಳೆ ಅರೆಸ್ಟು ಸಾರ್! ಲಾಕಪ್ಪಲ್ಲಿ ಪಿಕ್‌ಪಾಕೆಟ್ ಜೊತೆ ಎಷ್ಟು ಚೆನ್ನಾಗಿ ಇದ್ದ ಗೊತ್ತಾ?"

ಮರುದಿನ ಸ್ಟೇಷನ್ನಿನಿಂದ ಫೋನ್ ಬಂತು, ಹೋದೆ. ಸರೋಜಾ ಮೇಡಂ ಎದುರು ಆ ಕಾನ್‌ಸ್ಟೇಬಲ್ ಗಂಭೀರವಾಗಿ ನಿಂತಿದ್ದರು. "ರೆಕಾರ್ಡಲ್ಲಿ ಏನೂ ಇಲ್ಲ. ಬೀದೀಲಿ ಕೇಳಿದ್ರೆ ಎಲ್ಲರೂ ಅರೆಸ್ಟ್ ಅಂತಾರೆ. ಯಾವ ಸ್ಟೇಷನ್ ಲಾಕಪ್ರೀ ಅದು?" ಎಂದು ಮೇಡಂ ಕೇಳಿದರು. ನನಗೆ ಪವಿತ್ರಾಳ ಅಪ್ಪ ಬೇರೆ ಸೈಟು ನೋಡಲು ಕಾರು ಹತ್ತಿದ ಹಾಗೆ ಕಂಡಿತು. "ಅದು ಐಟಂ ಮೇಡಂ. ಬರೀ ಐಟಂ" ಎಂದೆ. "ಹಾಗಾದ್ರೆ ನಿಜವಾಗಿ ನಡೆದದ್ದು ಹೇಳಿ" ಎಂದರು.

ಹೇಳಿದೆ. ಸೈರನ್ ಇಲ್ಲದೆ, ಲಾಕಪ್ಪಿಲ್ಲದೆ, ಯಾರ ಧ್ವನಿಯೂ ಇಲ್ಲದೆ, ನನ್ನದೇ ಧ್ವನಿಯಲ್ಲಿ. ಸ್ಟೇಷನ್ನಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಟೀ ಕುಡಿದು ಮನೆಗೆ ಹೋದೆ ಎನ್ನುವಲ್ಲಿಗೆ ಕಥೆ ಮುಗಿಯಿತು. ಯಾರೂ ನಗಲಿಲ್ಲ. ಸರೋಜಾ ಮೇಡಂ ಪೆನ್ನು ಕೈಯಲ್ಲಿ ಹಿಡಿದುಕೊಂಡೇ, "ಇಷ್ಟೇನಾ?" ಎಂದರು. "ಇಷ್ಟೇ ಮೇಡಂ." ಕಾನ್‌ಸ್ಟೇಬಲ್ ಮಹಾಶಯರು, "ಇಷ್ಟಕ್ಕೆ ಆ ಯಮ್ಮ ನನ್ನನ್ನ ಅರ್ಧ ಗಂಟೆ ನಿಲ್ಲಿಸಿ ಹೇಳಿದ್ರಾ!" ಎಂದು ಬೇಜಾರಿನಿಂದ ಹೊರಗೆ ಹೋದರು. ನನ್ನ ಕಲಾಜೀವನದಲ್ಲಿ ಅಷ್ಟು ಕೆಟ್ಟ ಪ್ರದರ್ಶನ ಇನ್ನೊಂದಿಲ್ಲ. ಆದರೆ ಅದನ್ನೇ ಬರೆದುಕೊಂಡು, ನನ್ನ ಸೈನ್ ಹಾಕಿಸಿಕೊಂಡರು.

ಕೆಲವು ದಿನಗಳ ಮೇಲೆ ಸರ್ಟಿಫಿಕೇಟ್ ಬಂತು. ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಕೆ.ಆರ್. ಪುರಕ್ಕೆ ಹೋದೆ. ಮುನಿರಾಜಪ್ಪನವರು ಕನ್ನಡಕ ಹಾಕಿ, ಹಾಳೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ನೋಡಿ, "ಸೀಲ್ ಎಲ್ಲಿ?" ಎಂದರು. ಈಗ ಡಿಜಿಟಲ್ ಸಹಿ ಎಂದು ಪವಿತ್ರಾ ವಿವರಿಸಿದಳು. ನನ್ನ ವಿರುದ್ಧ ಯಾವ ಪ್ರಕರಣವೂ ಇಲ್ಲವೆಂಬ ಸಾಲನ್ನು ಎರಡು ಸಲ ಓದಿದರು. ಓದಿ ಮುಗಿಸಿದಾಗ ಅವರ ಮುಖ ಬಾಡಿತ್ತು.

"ಅಂದ್ರೆ ಲಾಕಪ್ಪು?"

"ಇಲ್ಲ ಮಾವ."

"ಆ ಪಿಕ್‌ಪಾಕೆಟ್ಟು?"

"ಅವನೂ ಇಲ್ಲ."

"ಛೇ" ಎಂದು ಕನ್ನಡಕ ತೆಗೆದರು. ಕ್ಲಿಯರ್ ಆದದ್ದಕ್ಕೇ ನನ್ನನ್ನು ಬೇಡ ಅನ್ನುತ್ತಾರೇನೋ ಎನಿಸಿತು. ಅವರು ಎದ್ದು, ಗೋದ್ರೇಜ್ ಬೀರುವಿನ ಬಾಗಿಲು ತೆಗೆದು, ಖಾತೆ, ಇಸಿ, ತೆರಿಗೆ ರಸೀದಿಗಳಿದ್ದ ಫೈಲಿಗೆ ನನ್ನನ್ನೂ ಸೇರಿಸಿ, ಬೀಗ ಹಾಕಿದರು. "ಕ್ಲಿಯರ್ ಐತೆ. ಮುಂದಿನ ತಿಂಗಳು ನಿಶ್ಚಿತಾರ್ಥ ಇಟ್ಕೊಳ್ಳಾಣ. ಆದ್ರೆ ಈ ಪೇಪರ್ ವಿಷಯ ಯಾರಿಗೂ ಬಾಯಿ ಬಿಡಬೇಡ. ನಮ್ಮೋರೆಲ್ಲ ಆ ಅರೆಸ್ಟ್ ಐಟಂ ನೋಡೋಕೇ ಬತ್ತವ್ರೆ. ನಾನು ಆಗಲೇ ಹೇಳಿಬಿಟ್ಟಿದೀನಿ" ಎಂದರು.

ಮನೆಗೆ ಬಂದು ಅಮ್ಮನಿಗೆ ಸುದ್ದಿ ಹೇಳಿ, ಫೋನಿನಲ್ಲಿದ್ದ ಸರ್ಟಿಫಿಕೇಟಿನ ಪ್ರತಿ ತೋರಿಸಿದೆ. ಸರ್ಕಾರವೇ ಪರಿಶೀಲಿಸಿ, ಈ ವ್ಯಕ್ತಿ ಇಲ್ಲಿಯವರೆಗೆ ಏನೂ ಮಾಡಿಲ್ಲ ಎಂದು ಬರೆದುಕೊಟ್ಟಿದೆ ನೋಡು ಎಂದೆ. ಅಮ್ಮ ಒಲೆ ಸಣ್ಣಗೆ ಮಾಡಿ, ಕೈ ಒರೆಸಿಕೊಂಡು, ಪೂರ್ತಿ ಓದಿದಳು.

"ಇದನ್ನೇ ತಾನೆ ನಾನು ಇಷ್ಟು ವರ್ಷದಿಂದ ಹೇಳ್ತಿರೋದು" ಎಂದಳು.